ಎರಡು ಬ್ರೇಕಿನ ಗಾಡಿ

ನನ್ನ ಗಾಡಿ ಎಲ್ಲಿಗೂ ಹೋಗಿಲ್ಲ.
ಹದಿನಾಲ್ಕು ವರ್ಷ, ಎರಡು ಲಕ್ಷ ಹತ್ತು ಸಾವಿರ ಕಿಲೋಮೀಟರ್,
ಎಲ್ಲಾ ಗೋಕುಲ ರೋಡಿನಿಂದ ಉಣಕಲ್ ಕೆರಿ ದಂಡಿತನಕ,
ಮತ್ತ ಅದೇ ದಾರಿ ಹಿಂದಕ್ಕ.
ಬಾಗಿಲ ಮ್ಯಾಲ: ನಾಗೋಸಾ ಡ್ರೈವಿಂಗ್ ಸ್ಕೂಲ್.
ಎಡಕ್ಕ, ನನ್ನ ಕಾಲಾಗ, ಇನ್ನೊಂದು ಬ್ರೇಕು.

ಕಲಿಯೋರು ಕೇಳ್ತಾರ: ಸರ್, ನೀವು ನೇವಿಯೊಳಗ ಇದ್ರಂತ,
ಸಬ್‌ಮರೀನ್ ಅಂತ.
ಇದ್ದೆ. ವಿಶಾಖಪಟ್ಟಣದಾಗ. ದಂಡಿ ಮ್ಯಾಲ.
ಕಿವಿ ಒತ್ತಡ ತಡೀಲಿಲ್ಲ, ನೀರಿಗಿಳಿಸಲಿಲ್ಲ.
ತರಬೇತಿ ಶಾಲಿ ಸ್ಟೋರಿನಾಗ ಹದಿನೈದು ವರ್ಷ
ನಟ್ಟು ಎಣಿಸಿದೆ, ವಾಷರ್ ಎಣಿಸಿದೆ.
ಅಲ್ಲೇ, ರಟ್ಟು ಹರಿದ ಒಂದು ಪುಸ್ತಕದಾಗ
ಒಂದು ಜರ್ಮನ್ ದೋಣಿಯ ನೌಕರಿ ಓದಿದೆ.
ಹೆಸರಿಲ್ಲ ಅದಕ್ಕ. ಒಂದಕ್ಷರ, ಒಂದು ನಂಬರು.
ನಂಬರು ಮರತೇನಿ.

ಒಂದು ಪುಟಾನೂ ಇರಲಿಲ್ಲ, ಒಂದೇ ಪ್ಯಾರಾ.
ನೀರಿಗೆ ಬಿಟ್ಟದ್ದು ಇಂಥಾ ದಿನ,
ಕಮಾಂಡರ್ ಐದು ಮಂದಿ, ಒಬ್ಬನ ಹಿಂದ ಒಬ್ಬ,
ಬಾಲ್ಟಿಕ್ ಸಮುದ್ರದಾಗ ಶಾಲಾ ದಳ.
ಮುಳುಗಿಸಿದ ಹಡಗು: ಇಲ್ಲ.
ಆ ‘ಇಲ್ಲ’ದ ಮ್ಯಾಲ ಬೆರಳಿಟ್ಟು
ಊಟದ ಗಂಟಿ ಹೊಡಿಯೋತನಕ ಕುಂತೆ.

ಊರೆಲ್ಲ ಯುದ್ಧ. ಇದರ ಕೆಲಸ ಅಂದ್ರ
ಮುಂಜಾನೆ ಒಂದಿಪ್ಪತ್ತು ಹುಡುಗರನ್ನ ಹೊಟ್ಯಾಗ ಹಾಕ್ಕೊಂಡು ಮುಳುಗೋದು,
ಸಂಜಿಕ ಅಷ್ಟೇ ಮಂದೀನ ಎಣಿಸಿ ದಂಡಿಗಿಳಿಸೋದು.
ಯಾವನೋ ಒಬ್ಬ ಕವಾಟ ಉಲ್ಟಾ ತಿರುವ್ಯಾನ,
ಮೂತಿ ಹೋಗಿ ಕೆಸರಿಗೆ ಹೊಕ್ಕೈತಿ,
ಬೈದು, ಎಬ್ಬಿಸಿ, ಮತ್ತ ಮುಳುಗಿಸಿ.
ಮರುವಾರ ಬ್ಯಾರೆ ಹುಡುಗರು. ಅದೇ ಕವಾಟ.
ಒಮ್ಮೆ ಮಂಜಿನಾಗ ತನ್ನಂಥದೇ ಇನ್ನೊಂದು ಕಲಿಕಿ ದೋಣಿ
ಬಂದು ಬಡೀತು; ಎರಡು ತಿಂಗಳು ರಿಪೇರಿ,
ಪುಸ್ತಕದಾಗ ಅರ್ಧ ಸಾಲು.
ಗಾಣದೆತ್ತು ಎಷ್ಟು ನಡದ್ರೂ ಊರು ಮುಟ್ಟಾಂಗಿಲ್ಲ,
ನಮ್ಮವ್ವ ಅಂತಿದ್ದಳು.
ಎಣ್ಣಿ ಯಾರ ದೀಪಕ್ಕ ಹೋತು ಅಂತ
ಎತ್ತಿಗೆ ಯಾರೂ ಹೇಳಾಂಗಿಲ್ಲ.

ಕಲತವರು ದೊಡ್ಡ ದೋಣಿ ಹತ್ತಿ ಅಟ್ಲಾಂಟಿಕ್‌ಗೆ ಹ್ವಾದರು.
ನಾಕು ಮಂದಿಯೊಳಗ ಮೂವರು ತಿರುಗಿ ಬರಲಿಲ್ಲ
ಅಂತ ಕೆಳಗ, ಸಣ್ಣ ಅಕ್ಷರದಾಗ.
ಏನು ಮಾಡಾಕ ಹೋಗಿದ್ರು, ಯಾರ ಮಾತು ಕೇಳಿ ಹೋಗಿದ್ರು,
ನನಗ ಗೊತ್ತೈತಿ; ಅಯ್ಯೋ ಅನ್ನಾಕ ನಾಲಿಗಿ ಏಳಾಂಗಿಲ್ಲ.
ಹತ್ತೊಂಬತ್ತು ವರ್ಷದವರು ಅನ್ನೋದೂ ಗೊತ್ತೈತಿ.

ದಿನಾ ಮುಂಜಾನೆ ಚಾದ ಜೊತಿ
ಪೇಪರಿನ ಮೂರನೇ ಪುಟ ಮೊದಲು ತಗೀತೇನಿ.
ಬೈಪಾಸಿನಾಗ ಲಾರಿ, ಟೆಂಪೋ. ಬ್ರ್ಯಾಕೆಟಿನಾಗ ವಯಸ್ಸು.
ಹೆಸರು ಓದಿ, ಎದ್ದು ಹೋಗಿ ರಿಜಿಸ್ಟರ್ ತಗೀತೇನಿ.
ಹೆಂಡತಿ ಅಂತಾಳ, ಇದೆಂಥಾ ಚಟ.
ಇಮಾಮಹುಸೇನ ಅಣ್ಣಿಗೇರಿ. ಎರಡು ಸಾವಿರದ ಹದಿನೇಳು.
ಹದಿನೈದು ಕ್ಲಾಸು, ಫೀ ಪೂರ್ತಿ ಜಮಾ.
ಕ್ಲಚ್ ಬಿಡಾಕ ಅವಸರ ಮಾಡ್ತಿದ್ದ, ನಗತಿದ್ದ.
ಆವತ್ತು ಅವನ ಬಾಜೂಕ
ಎರಡನೇ ಬ್ರೇಕು ಇರಲಿಲ್ಲ.

ದೋಣೀದು ಕಡೀ ಸಾಲು: ಮೇ ತಿಂಗಳು, ಸೋತಿದ್ದಾತು,
ವೈರಿ ಕೈಗೆ ಕೊಡಬಾರದು ಅಂತ ರಾತ್ರಿ ಹುಕುಂ.
ಕಲಿಸಿದವರೇ ಒಳಗಿಳಿದು ಕವಾಟ ತಗದರು,
ಒಂದೊಂದಾಗಿ, ಪಾಠದಾಗ ಹೇಳಿದ ಕ್ರಮದಾಗ,
ಮ್ಯಾಲ ಬಂದು, ಸಣ್ಣ ನಾವೆಯೊಳಗ ನಿಂತು ನೋಡಿದರು.
ಆವತ್ತೊಂದು ದಿನ
ಯಾರೂ ತಪ್ಪು ಮಾಡಲಿಲ್ಲ.

ನನ್ನ ಗಾಡಿ ಕಾಗದ ಮುಂದಿನ ಮಾರ್ಚಿಗೆ ತೀರತಾವು.
ಗಬ್ಬೂರ ಕ್ರಾಸಿನ ಗುಜರಿಯವ ಬಗ್ಗಿ ನೋಡಿ
ಇಪ್ಪತ್ತೆರಡು ಸಾವಿರ ಅಂದ.
ಈ ಎಡಗಡಿ ಪೆಡಲಿಗೆ ರೇಟಿಲ್ಲ ಸಾವಕಾರ್ರ,
ಇದು ಕಂಪನೀದಲ್ಲ, ಆಮ್ಯಾಲ ಹಚ್ಚಿದ್ದು.
ಹೌದು ಅಂದೆ, ಆಮ್ಯಾಲ ಹಚ್ಚಿದ್ದು.

ನಾಳೆ ಆರೂವರಿಗೆ ಕಿಮ್ಸಿನ ನರ್ಸಬಾಯಿ ಬರ್ತಾರ,
ಮೂರನೇ ಕ್ಲಾಸು, ಸ್ಟೇರಿಂಗ್ ಕತ್ತು ಹಿಚುಕಿದಂಗ ಹಿಡೀತಾರ.
ಕನ್ನಡಿ ನೋಡ್ರಿ ಬಾಯಾರ. ಮೊದಲು ಕನ್ನಡಿ.
ಬಿಡ್ರಿ, ಸಾವಕಾಶ ಬಿಡ್ರಿ ಕ್ಲಚ್ಚು,
ನಾ ಇದ್ದೇನಿ.