ಸಂದಿಲ್ಲದ ಗೋಡೆ

ಹನ್ನೆರಡು ವಾರ ಇಲಿಯ ಬೆನ್ನ ತೊಗಲಡಿಯಲ್ಲಿದ್ದು
ಹೊರಬಂದಿದೆ ಅಕ್ಕಿಕಾಳಿನಷ್ಟು ಒಂದು ಬಿಲ್ಲೆ.
ಒಳಗೆ ಮದ್ದು ತುಂಬಿತ್ತು, ದಿನಕ್ಕಿಷ್ಟೆಂದು ಜಿನುಗಬೇಕಿತ್ತು.
ಮೊದಲ ಹತ್ತು ದಿನ ಜಿನುಗಿತು.
ಆಮೇಲೆ ನೆತ್ತರಲ್ಲಿ ಹೆಸರಿಗೂ ಸಿಗಲಿಲ್ಲ.

ಗಾಲ್ವೇ ಊರಾಚೆ, ತಗಡು ಮಾಡಿನ ಪ್ರಯೋಗಾಲಯದಲ್ಲಿ
ಡರ್ವಲಾ ಕೂತಿದ್ದಾಳೆ, ಒಂದು ಕಣ್ಣು ಮುಚ್ಚಿ.
(ಎರಡು ಕಣ್ಣಿನ ಸೂಕ್ಷ್ಮದರ್ಶಕವೇ; ಚಾಳಿ ಮಾತ್ರ ಹಳೆಯದು.)
ಐದು ಮೈಕ್ರಾನಿಗೆ ಹೆರೆದ ಮಾಂಸ, ನೀಲಿ ಗುಲಾಬಿ ಬಣ್ಣ ಕುಡಿದು
ಗಾಜಿನ ಮೇಲೆ ಮಲಗಿದೆ.
ಕೇಳಬೇಕಾದ್ದು ಒಂದೇ: ಮೈಗೆ ಒಗ್ಗಿತೆ, ಒಗ್ಗಲಿಲ್ಲವೆ?

ಮೈಯೇನು ಬಾಯಿಬಿಟ್ಟು ಹೇಳುತ್ತದೆಯೆ.
ಮೊದಲು ಕಾವಲಿನ ಕಣಗಳು ಓಡಿ ಬಂದಿವೆ,
ಮುಟ್ಟಿ, ಮೂಸಿ, ಕಚ್ಚಿ ನೋಡಿವೆ. ಹಲ್ಲು ನಾಟಿಲ್ಲ.
ಒಬ್ಬರಿಂದಾಗದ್ದು ಹತ್ತು ಮಂದಿಯಿಂದಾದೀತೆಂದು
ಒಂದರೊಳಗೊಂದು ಕರಗಿ ದೈತ್ಯಕಣವಾಗಿವೆ,
ಹೊಟ್ಟೆ ಒಂದೇ, ತಲೆ ಇಪ್ಪತ್ತು.
ಆಗಲೂ ಆಗಲಿಲ್ಲ.
ಕೊನೆಗೆ, ತಿನ್ನಲೂ ಆಗದ ಓಡಿಸಲೂ ಆಗದ ವಸ್ತುವಿಗೆ
ಎಲ್ಲರೂ ಮಾಡುವುದನ್ನೇ ಮಾಡಿವೆ:
ಸುತ್ತ ಗೋಡೆ ಎಬ್ಬಿಸಿವೆ.

ನಾರಿನ ಮೇಲೆ ನಾರು, ನೇಯ್ದ ಹಾಗೆ ಒತ್ತೊತ್ತು.
ಅಳತೆ, ನೂರ ಎಂಬತ್ತು ಮೈಕ್ರಾನ್.
ಒಂದಾದರೂ ರಕ್ತನಾಳ ಒಳಗೆ ಹೊಕ್ಕಿಲ್ಲ.
ಮದ್ದು ಅಲ್ಲೇ ಇದೆ, ಬೀಗ ಹಾಕಿದ ಬ್ಯಾಂಕಿನಲ್ಲಿ
ಸಂಬಳದ ದುಡ್ಡು ಇದ್ದ ಹಾಗೆ.

ವರದಿಯ ನಮೂನೆಯಲ್ಲಿ ಸೊನ್ನೆಯಿಂದ ನಾಲ್ಕರ ತನಕ ಅಂಕ.
ಉರಿಯೂತ, ಒಂದು. ಕೊಳೆತ, ಸೊನ್ನೆ.
ವಿಷವಿಲ್ಲ. ಬೆರಳಿಟ್ಟು ತೋರಿಸಲು ಏನೂ ಇಲ್ಲ.
"ಹಾಗಾದರೆ ಒಗ್ಗಿದೆ," ಅಂದ ಮ್ಯಾನೇಜರ್ ಫರ್ಗಲ್,
ಚಹಾದ ಲೋಟ ಹಿಡಿದು, ಬಾಗಿಲಲ್ಲೇ ನಿಂತು.
ಒಗ್ಗುವುದು ಅಂದರೆ ಇದೇ ಇದ್ದೀತು, ಅನಿಸಿತು ಅವಳಿಗೆ.
ಬೈಯದೆ, ಹೊಡೆಯದೆ, ಮಾತೂ ಆಡಿಸದೆ
ಒಂದೇ ಸೂರಿನಡಿ ಇದ್ದುಬಿಡುವುದು.
ಚಿಕ್ಕಮ್ಮ ಚಿಕ್ಕಪ್ಪ ಹಾಗೆ ಮೂವತ್ತು ವರ್ಷ ಇದ್ದರು.

ಶನಿವಾರ ಕಾರ್ನಾಕ್ಕೆ ಹೋದಳು. ಅಪ್ಪ ಕೋಲ್ಮನ್
ಅಟ್ಲಾಂಟಿಕ್ಕಿಗೆ ಬೆನ್ನು ಕೊಟ್ಟು ಬಿದ್ದ ಗೋಡೆ ಎತ್ತುತ್ತಿದ್ದ.
ಆ ನೆಲದಲ್ಲಿ ಮಣ್ಣು ಕಡಿಮೆ, ಕಲ್ಲೇ ಬೆಳೆ.
ನೇಗಿಲಿಗೆ ಅಡ್ಡ ಬಂದದ್ದನ್ನು ಹೆಕ್ಕಿ ಹೆಕ್ಕಿ
ಅಂಚಿಗೆ ಪೇರಿಸಿದ್ದೇ ಗೋಡೆ. ಗಾರೆಯಿಲ್ಲ,
ಒಂದರ ಭಾರ ಇನ್ನೊಂದರ ಮೇಲೆ, ಅಷ್ಟೆ.
ಅವನ ಹೊಟ್ಟೆಯ ತುಂಬ ಇನ್ಸುಲಿನ್ ಸೂಜಿಯ ಚುಕ್ಕೆ.
ಬಿಲ್ಲೆ ಅವನಂಥವರಿಗೇ ಎಂದು ಅವಳು ಎಂದೂ ಹೇಳಿಲ್ಲ.

ಫೋನಿನಲ್ಲಿ ಚಿತ್ರ ತೋರಿಸಿದಳು. ಕೈಗವಸು ತೆಗೆಯದೆ ನೋಡಿದ,
ದೂರ ಹಿಡಿದು, ಮತ್ತೆ ಹತ್ತಿರ ಹಿಡಿದು.
"ಯಾರು ಕಟ್ಟಿದ್ದು?"
"ಇಲಿ."
"ಕೆಲಸ ಗೊತ್ತಿಲ್ಲ ಅದಕ್ಕೆ. ಗಾಳಿಗೆ ಒಂದು ಸಂದು ಬಿಟ್ಟಿಲ್ಲ.
ಇಂಥದ್ದು ಮೊದಲ ಬಿರುಗಾಳಿಗೇ ಮಲಗುತ್ತೆ."
ಬಾಗಿ, ತಾನು ಎತ್ತಿದ ಗೋಡೆಯ ತೂತಿಗೆ ಕಣ್ಣಿಟ್ಟ.
ಆಚೆ ಸಮುದ್ರ ಚೂರುಚೂರಾಗಿ ಬೆಳಗುತ್ತಿತ್ತು.

ಸೋಮವಾರ, ಷರಾದ ಚಿಕ್ಕ ಚೌಕದಲ್ಲಿ ಬರೆದಳು:
ವಿಷವಿಲ್ಲ; ಆದರೂ ಬಳಕೆಗೆ ಬಾರದು.
ಮೈ ತೀರ ನುಣುಪು. ಮುಂದಿನ ಬಿಲ್ಲೆಗೆ ಮೂವತ್ತು ಮೈಕ್ರಾನಿನ ರಂಧ್ರ ಬೇಕು,
ರಕ್ತನಾಳ ನುಗ್ಗಿ ಬರುವಂತೆ.
ಇನ್ನೂ ಇಪ್ಪತ್ತನಾಲ್ಕು
ಅಲ್ಲಿಗೆ ಪೆನ್ನು ನಿಂತಿತು. ಆಮೇಲೆ 'ಇಲಿ' ಎಂದು ಬರೆದಳು.

ಗಾಜಿನ ಮೇಲೆ ಅಂಟಿಸಿದ ಚೀಟಿ: ಹದಿನಾಲ್ಕು, ಹೆಣ್ಣು.
ಅಪ್ಪನಿಗೆ ಹೇಳಬೇಕಿತ್ತು, ಹೇಳಲಿಲ್ಲ.
ಅದಕ್ಕೆ ಕೆಲಸ ಗೊತ್ತಿತ್ತಪ್ಪ.
ಕಲ್ಲು ಕೊಟ್ಟವರು ನಾವು.