ಬುಡು, ಬತ್ತಾಸು

ಮಂಗಳವಾರ. ಅಂಗಡಿ ಬಾಗ್ಲು ಮುಚ್ಚದೆ.
ಗುತ್ತಲು ರಸ್ತೆಯ ತಲೆಗಳೆಲ್ಲ ಇವತ್ತೊಂದಿನ
ಬೆಳೆದಷ್ಟು ಬೆಳಕೊಳ್ಳಲಿ.
ಹಿತ್ತಲ ಒಗೆಯೋ ಕಲ್ಲಿನ ಮೇಲೆ ನಾನು,
ನನ್ನ ತೊಡೆ ಮೇಲೆ ನೀನು,
ನಡುವೆ ಒಂದು ಗೋಣಿತಾಟು.

ಶಿವರಾತ್ರಿ ಕಳೆದು ಹದಿನೈದು ದಿನ ಆಯ್ತು, ಬತ್ತಾಸು.
ಚಳಿ ಶಿವಶಿವಾ ಅಂದ್ಕೊಂಡು ಊರು ಬುಟ್ಟು ಹೋಯ್ತು.
ನೀನಿನ್ನೂ ಮಾಗಿ ಕಂಬ್ಳಿ ಹೊದ್ದು
ಮೂಗು ಮಾತ್ರ ಆಡಿಸ್ಕೊಂಡು ಕುಂತಿದ್ದೀಯ.
ಯಾರು ಬತ್ತಾರೆ ಅಂತ?

ಮೂತಿ ಹೊಸದಾಗದೆ. ಕಿವಿ ಬುಡ ಹೊಸದು.
ಭುಜದ ತನಕ ಬಿಳುಪು ಇಳಿದುಬಂದು
ಅಲ್ಲೇ ನಿಂತ್ಬುಟ್ಟದೆ.
ನಾಲೆಗೆ ನೀರು ಬುಟ್ಟ ದಿನ
ಮೊದಲ ನೀರು ಕಸಕಡ್ಡಿ ತಳ್ಳಿಕೊಂಡು ಬಂದು
ಒಣಮಣ್ಣಿನ ಮೇಲೆ ಎಲ್ಲೋ ಒಂದ್ಕಡೆ
ಯೋಚ್ನೆ ಮಾಡ್ತದಲ್ಲ, ಹಂಗೆ.
ಅಲ್ಲಿಂದಾಚೆ ಬಾಲದ ತನಕ ಎಲ್ಲ ಹಳೇದು,
ಕಾಕಂಬಿಯಲ್ಲಿ ಬಿದ್ದೆದ್ದ ಹತ್ತಿ.

ಮೂವತ್ತೊಂದು ವರ್ಷ ಆಯ್ತು ನಾನು ಕೂದಲಿಗೆ ಕೈಹಚ್ಚಿ.
ಮದುವೆ ಗಂಡಿನದು, ಸೂತಕದ್ದು,
ಅಜ್ಜಿ ಮಡಿಲಲ್ಲಿ ಅರಚಾಡೋ ಕೂಸಿನ ಹುಟ್ಟುಗೂದಲು,
ಗಣಿತ ಹೋಯ್ತು, ಎಲ್ಲ ತೆಗೆದುಬುಡಣ್ಣ
ಅಂತ ಬಂದು ಕುಂತ ಹುಡುಗನದು.
ನನ್ನ ಕತ್ತರಿಗೆ ಆಗಲ್ಲ ಅಂದ ತಲೆಯಿಲ್ಲ.
ನಿನ್ನ ಮುಂದೆ ಮಾತ್ರ ನನ್ನ ಪೆಟ್ಟಿಗೆ ದಂಡ.
ಕತ್ತರಿಸಂಗಿಲ್ಲ, ಬೋಳಿಸಂಗಿಲ್ಲ.
ನೀರಲ್ಲಿ ಅದ್ದಂಗಿಲ್ಲ, ಅದ್ದಿದರೆ ಹೆದರಿ
ಎದೆ ನಿಂತೋದಾತು, ಅಂದ್ರು ಪಶು ಆಸ್ಪತ್ರೆ ಡಾಕ್ಟರು.
ಕೈ ಒದ್ದೆ ಮಾಡ್ಕೊಂಡು ಸವರಿ. ಹುಲ್ಲು ಹಾಕಿ.
ಅದು ಬುಡೋವಾಗ ಬುಡ್ತದೆ.

ಬಿಂದುಶ್ರೀ ಸ್ಕೂಲಿಗೆ ಹೋಗೋವಾಗ ಬೆರಳು ತೋರಿಸಿ ಹೋದ್ಲು:
ಎಳೀಬೇಡ ಅಪ್ಪ. ಬಂದಿದ್ದು ಮಾತ್ರ ಇಸ್ಕೊ.

ಸರಿ. ಬಟ್ಟಲ ನೀರಲ್ಲಿ ಕೈ ಅದ್ದಿ,
ಕೊಡವಿ,
ನೆತ್ತಿಯಿಂದ ಸೊಂಟದ ತನಕ ಒಂದು ಸಲ.
ಮತ್ತೊಂದು ಸಲ.
ಅಂಗೈ ತುಂಬ ಮೋಡ.

ಬುಡು ಕೂಸೆ, ಇದು ನಿನ್ನದಲ್ಲ ಈಗ.
ಇದರ ಕೆಲಸ ಮುಗೀತು.
ನೀನೇ ನೆಕ್ಕಿ ನೆಕ್ಕಿ ತೆಗೀತೀನಿ ಅಂದ್ರೆ
ಎಲ್ಲ ಹೊಟ್ಟೆಗೆ ಹೋಯ್ತದೆ,
ನುಂಗಿದ್ದನ್ನ ಕಕ್ಕೋದು ನಿಮ್ಮ ಜಾತಿಗೆ ಬರಲ್ಲ.
ನಮಗೆ ಬರ್ತದೆ. ಆದರೂ ನಾವು ಕಕ್ಕಲ್ಲ.

ನೋಡು, ನಮ್ಮಂಗಡಿ ಬೋರ್ಡಲ್ಲಿ
ನನ್ನ ಹೆಸರಿನ ಪಕ್ಕ ಇನ್ನೊಂದು ಹೆಸರದೆ.
ಪುಟ್ಟಲಿಂಗ. ಆರು ವರ್ಷ ಆಯ್ತು
ಅವನು ಪಾಲು ಇಸ್ಕೊಂಡು, ಎರಡು ಕುರ್ಚಿ ಹೊತ್ಕೊಂಡು
ಶ್ರೀರಂಗಪಟ್ಟಣದಲ್ಲಿ ಎ.ಸಿ. ಅಂಗಡಿ ಮಾಡಿ.
ಬಂದವರು ಈಗಲೂ ಕೇಳ್ತಾರೆ,
ಪುಟ್ಟಲಿಂಗಣ್ಣ ಊಟಕ್ಕೆ ಹೋದ್ರಾ?
ಹೂಂ, ಅಂತೀನಿ.
ಪೇಂಟರಿಗೆ ನೂರೈವತ್ತು ರೂಪಾಯಿ ಕೊಟ್ಟರೆ ಮುಗೀತದೆ.
ನಿನಗೆ ಬುದ್ಧಿ ಹೇಳೋಕೆ ಬಂದಿದ್ದೀನಿ, ನೋಡು.

ಸೊಂಟದ ಹತ್ರ ಕೈ ಇಟ್ಟರೆ ಹಲ್ಲು ಕಟಕಟ ಅಂತೀಯ.
ಅಲ್ಲೇ ಗಟ್ಟಿಯಾಗಿ ಹಿಡಿದಿದ್ದೀಯ.
ಆಯ್ತು, ಆಯ್ತು, ಅಲ್ಲಿಗೆ ನಾಳೆ.
ಗರಿಕೆ ತಿನ್ನು. ನೀರು ಕುಡಿ.
ಅಕಾ, ಬಿದ್ದ ತುಪ್ಪಳಕ್ಕೆ ಗಿರಾಕಿ ಬಂತು!
ಕಾಂಪೌಂಡಿನ ಮೇಲಿಂದ ಒಂದು ಸೂರಕ್ಕಿ ಇಳಿದು
ಕೊಕ್ಕಿನ ತುಂಬ ಕಚ್ಕೊಂಡು
ದಾಳಿಂಬೆ ಗಿಡಕ್ಕೆ ಹಾರ್ತು.
ಮೀಸೆ ಬಿಳಿಯಾದಂಗೆ ಕಾಣ್ತಿತ್ತು ಅದಕ್ಕೆ.

ನೀನು ಅತ್ತ ನೋಡಲೂ ಇಲ್ಲ.
ಮೈ ಒಂದು ಸಲ ಝಾಡಿಸಿದೆ, ಅಷ್ಟೆ.
ನನ್ನ ಕನ್ನಡಕ, ನನ್ನ ಟೀ ಲೋಟ, ನನ್ನ ಬಾಯಿ
ಎಲ್ಲ ಬತ್ತಾಸು.
ಥೂ ಥೂ ಅಂತ ಉಗೀತಾ ನಗ್ತಾ ಇದ್ದೀನಿ,
ನಿನ್ನ ಬೆನ್ನಿನ ಮೇಲೆ ಆ ಬಿಳೀ ಗೆರೆ
ಒಂದು ಬೆರಳಷ್ಟು
ಹಿಂದಕ್ಕೆ ಸರಿದದೆ.