ಹಸಿರೋ, ಕಿತ್ತಳೆಯೋ

ಜನವರಿ ಮೂವತ್ತೊಂದು, ರಾತ್ರಿ ಹತ್ತೂಕಾಲು.
ಡಂಡೀ ಊರಿನ ಹಿಲ್‌ಟೌನ್ ಏರಿನಲ್ಲಿ ಮೂರನೇ ಮಹಡಿ.
ಹನ್ನೆರಡರೊಳಗೆ ತೆರಿಗೆಯ ಲೆಕ್ಕ ಹೋಗದಿದ್ದರೆ
ನೂರು ಪೌಂಡು ದಂಡ.
ವರ್ಷವಿಡೀ ಈ ಊರ ಗಡಿಯಾರಗಳ ಹೊಟ್ಟೆ ಬಿಚ್ಚಿ
ಹೊತ್ತಿಗೆ ಸರಿಯಾಗಿ ನಡೆಸಿದವನು ನಾನು.
ನನ್ನ ಹೊತ್ತಿಗೆ
ಲ್ಯಾಪ್‌ಟಾಪ್ ಹೇಳುತ್ತದೆ: ಸಂಪರ್ಕವಿಲ್ಲ.

ಆರಿಸಿ ಹಚ್ಚಿದೆ. ಹಚ್ಚಿ ಆರಿಸಿದೆ.
ರೌಟರಿನ ತಂತಿ ಕಿತ್ತು ಮೂವತ್ತು ಎಣಿಸಿ
(ಅವಸರದಲ್ಲಿ ಹದಿನೇಳು ಎರಡು ಸಲ ಬಂತು)
ಮತ್ತೆ ಚುಚ್ಚಿದೆ.
ಅಡುಗೆಮನೆಯಿಂದ ಹಾಸಿಗೆಗೆ, ಹಾಸಿಗೆಯಿಂದ ಕಿಟಕಿಗೆ
ಬೆಕ್ಕು ಮರಿಯನ್ನು ಏಳು ಮನೆ ತಿರುಗಿಸಿದಂತೆ
ಹೊತ್ತು ತಿರುಗಿದೆ.
ಈ ಗೋಡೆಗಳೋ, ಎರಡು ಮೊಳ ದಪ್ಪದ ಕಲ್ಲು.
ಗಾಳಿಯೇ ನುಸುಳದಲ್ಲಿ
ಗಾಳಿಯಲ್ಲಿ ಬರುವ ಮಾತು ನುಸುಳೀತೇ?

ಫೋನಿನಲ್ಲಿ ಕೀರನ್ ಎಂಬ ಹುಡುಗ. ಕಾಯಿಸಿದ ನಲವತ್ತು ನಿಮಿಷಕ್ಕೆ
ಕ್ಷಮೆ ಕೇಳಿ, ಸುಲಭದ್ದರಿಂದ ಶುರು ಮಾಡೋಣ ಎಂದ:
ರೌಟರಿನ ದೀಪ ಯಾವ ಬಣ್ಣ ಸರ್?
ಹಸಿರೋ, ಕಿತ್ತಳೆಯೋ?

ನಾನು ಸುಮ್ಮನಾದೆ.
ಹುಬ್ಬಳ್ಳಿಯ ರೈಲ್ವೆ ಆಸ್ಪತ್ರೆ. ನನಗೆ ಹತ್ತೊಂಬತ್ತು.
ಡಾಕ್ಟರು ತೆರೆದ ಹಾಳೆಯ ತುಂಬ ಹುರಿಗಡಲೆ ಚೆಲ್ಲಿದಂತೆ ಚುಕ್ಕಿ.
"ಯಾವ ಅಂಕಿ ಐತಿ, ಓದು."
ಅಂಕಿ ಎಲ್ಲೈತ್ರಿ ಸರ್, ಬರೇ ಚುಕ್ಕಿ ಅದಾವ.
ಅವರು ಪುಸ್ತಕ ಮುಚ್ಚಿದ ಸದ್ದು ಬಲು ಸಣ್ಣದು.
ಗಾರ್ಡಿನ ಹಸಿರು ಬಾವುಟ, ಕೆಂಪು ಬಾವುಟ
ಎರಡನ್ನೂ ಅಲ್ಲೇ ಮಡಿಸಿಟ್ಟು ಬಂದೆ.
ಆಮೇಲೆ ಯಾರಿಗೂ ಹೇಳಲಿಲ್ಲ.
ಮುಳ್ಳು, ಹಲ್ಲಿನ ಚಕ್ರ, ಸ್ಪ್ರಿಂಗು:
ಬಣ್ಣ ಕೇಳದ ಕಸುಬು ಹಿಡಿದೆ.
ರಸ್ತೆಯ ಸಿಗ್ನಲ್ಲಿನಲ್ಲಿ ಮೇಲಿನದು ನಿಲ್ಲು, ಕೆಳಗಿನದು ಹೋಗು;
ಬಾಳುವೆಗೆ ಅಷ್ಟು ಸಾಕಿತ್ತು.
ಈ ರೌಟರಿಗೆ ಮೇಲು ಕೆಳಗಿಲ್ಲ. ಒಂದೇ ಕಣ್ಣು.

"ಸರ್, ಇದ್ದೀರಾ?"
ಇದ್ದೇನೆ ಕೀರನ್. ಒಂದು ನಿಮಿಷ.

ಕೆಳಗಿನ ಮನೆಯ ಇಶ್‌ಬೆಲ್ ರಟ್ರೇ, ಎಂಬತ್ತೆರಡು,
ನಿದ್ದೆಯೊಂದಿಗೆ ಮಾತು ಬಿಟ್ಟು ವರ್ಷಗಳಾದವಳು,
ಹೆಣಿಗೆ ಹಿಡಿದೇ ಬಾಗಿಲು ತೆರೆದಳು.
ಒಂದು ದೀಪದ ಬಣ್ಣ ಹೇಳಬೇಕು, ಬರುತ್ತೀರಾ?
ನಾಲ್ಕು ವರ್ಷದಲ್ಲಿ ನಾನು ಕೇಳಿದ ಮೊದಲ ಉಪಕಾರ.
ಏಕೆಂದು ಕೇಳಲಿಲ್ಲ. ಕಂಬಿ ಹಿಡಿದು
ಮೆಟ್ಟಿಲು ಒಂದೊಂದನ್ನೂ ಬೈಯುತ್ತ ಹತ್ತಿದಳು.

"ಹಸಿರು," ಎಂದಳು. "ಬಟಾಣಿ ಹಸಿರು."
ಕೀರನ್ ಉಸಿರು ಬಿಟ್ಟ: ಹಾಗಾದರೆ ತಪ್ಪು ನಮ್ಮದಲ್ಲ ಸರ್.
"ಆದರೆ ಇದು ಕಿತ್ತಳೆ." ಅವಳ ಬೆರಳು
ನನ್ನ ಕೀಬೋರ್ಡಿನ ಮೇಲುಸಾಲಿನ ತುದಿಯಲ್ಲಿ.
ಸಾಸಿವೆಯಷ್ಟು ದೀಪ. ದಿನಾ ಕಂಡದ್ದೇ.
ಉರಿಯುತ್ತಿದೆಯಲ್ಲ, ಜೀವವಿದೆ ಎಂದುಕೊಂಡಿದ್ದೆ.
ಒತ್ತಿದೆ.
ಮೂಲೆಯ ಪುಟ್ಟ ಬೀಸಣಿಗೆ
ಒಂದೊಂದೇ ಗೆರೆಯಾಗಿ ಬಿಚ್ಚಿಕೊಂಡಿತು.
ಸಂಜೆ ಕೀಲಿಗಳ ದೂಳು ಒರೆಸಿದವನು ನಾನೇ.
ಕೀರನ್‌ಗೆ ಹೇಳಲಿಲ್ಲ.

ಹನ್ನೊಂದು ಐವತ್ತೆರಡಕ್ಕೆ ಲೆಕ್ಕ ಹೋಯಿತು.
ಇಶ್‌ಬೆಲ್ ಹೋಗಲಿಲ್ಲ. ಕಾರ್ಡಿಗನ್ನಿನ ಜೇಬಿನಿಂದ
ಬೀಜದ ಪೊಟ್ಟಣವೊಂದನ್ನು ನನ್ನ ಮೂಗಿನ ಮುಂದೆ ಹಿಡಿದು
ಈ ಇರುವೆ ಸಾಲು ಓದು, ನನಗೆ ಕಾಣದು ಎಂದಳು.
ಟೊಮೆಟೊ. ಫೆಬ್ರವರಿ ಕೊನೆಗೆ, ಮನೆಯೊಳಗೆ. ಕಾಲು ಅಂಗುಲ ಆಳ.
"ಹಣ್ಣಾದಾಗ ಕೀಳುವ ಕೆಲಸ ಮಾತ್ರ ನಿನಗಿಲ್ಲ."
ಕುರುಡನ ಹೆಗಲೇರಿದ ಕುಂಟನ ಕತೆ ಬಾಯಿತುದಿಗೆ ಬಂತು;
ಇಂಗ್ಲಿಷಿನಲ್ಲಿ ಬೈಗುಳವಾದೀತೆಂದು ನುಂಗಿದೆ.

ಅವಳ ಕೆಮ್ಮು ಮೆಟ್ಟಿಲಿಳಿಯಿತು.
ಕಿಟಕಿಯಾಚೆ, ಟೇ ಹೊಳೆಯ ಸೇತುವೆಯ ಮೇಲೆ ಕೊನೆಯ ರೈಲು.
ಅದರ ಬಾಲದ ದೀಪ
ಕೆಂಪೇ ಇರಬೇಕು, ರೂಲು ಹಾಗಿದೆ.
ಕಪಾಟಿನ ಮೇಲಿನ ರೌಟರು
ರೆಪ್ಪೆ ಬಡಿಯದೆ ನನ್ನನ್ನೇ ನೋಡುತ್ತಿದೆ.
ಹಸಿರಂತೆ.